ಬಿರುದು ಮತ್ತು ಪುರಸ್ಕಾರ: ಪದ್ಮಪ್ರಶಸ್ತಿಗಳ ಹಿನ್ನೆಲೆಯಲ್ಲಿ

ಕಲೆ, ಸಾಹಿತ್ಯ, ವಿಜ್ಞಾನ, ಸಾರ್ವಜನಿಕ ಸೇವೆ ಮೊದಲಾದ ಕ್ಷೇತ್ರಗಳ ಸಾಧಕರಿಗೆ ಭಾರತ ಸರಕಾರವು ನೀಡುವ ಪದ್ಮಪ್ರಶಸ್ತಿಗಳು 1954ರಲ್ಲಿ ಆರಂಭವಾದವು. ಆದರೆ ಪ್ರಭುತ್ವವು ಕವಿಯನ್ನು ಮನ್ನಿಸುವ ಪದ್ಧತಿ ಕನ್ನಡಕ್ಕೆ ಹೊಸತಲ್ಲ. ರಾಷ್ಟ್ರಕೂಟ ಮೂರನೆಯ ಕೃಷ್ಣನು ಪೊನ್ನನಿಗೆ ‘ಉಭಯಕವಿಚಕ್ರವರ್ತಿ’ ಎಂಬ ಬಿರುದನ್ನಿತ್ತನು. ಚಾಲುಕ್ಯ ತೈಲಪನಿಂದ ರನ್ನನೂ ಹೊಯ್ಸಳ ವೀರಬಲ್ಲಾಳನಿಂದ ಜನ್ನನೂ ‘ಕವಿಚಕ್ರವರ್ತಿ’ಗಳೆನಿಸಿದರು. ಈ ಮೂವರು ಜೈನಕವಿಗಳ ಪರಂಪರೆಯನ್ನು ಬಲ್ಲವರಿಗೆ ಪದ್ಮಪ್ರಶಸ್ತಿಗಳು ಅದರ ಮುಂದುವರಿಕೆಯೆಂದೇ ತೋರಬಹುದು. ಸೂಕ್ಷ್ಮವಾಗಿ ನೋಡಿದರೆ ಇವೆರಡರ ಸ್ವರೂಪ ಬೇರೆಯೆಂಬುದು ತಿಳಿಯುತ್ತದೆ.

ಬಿರುದು ಕವಿಯ ಹೆಸರಿನೊಡನೆ ಬೆರೆತುಹೋಗುತ್ತಿತ್ತು. ಅದರ ಹಿಂದೆ ಆಶ್ರಯದಾತ ಮತ್ತು ಆಶ್ರಿತರ ಸಂಬಂಧವಿತ್ತು. ಪಂಪನು ವಿಕ್ರಮಾರ್ಜುನವಿಜಯದಲ್ಲಿ ಅರಿಕೇಸರಿಯನ್ನು ಅರ್ಜುನನೊಡನೆ ಸಮೀಕರಿಸಿದನು. ಅರಸನಿಂದ ಅಗ್ರಹಾರವನ್ನು ಪಡೆದನು. ರನ್ನನು ಸಾಹಸಭೀಮವಿಜಯದಲ್ಲಿ ಸತ್ಯಾಶ್ರಯನನ್ನು ಭೀಮನೊಡನೆ ಸಮೀಕರಿಸಿದನು. ಹೀಗೆ ಕೊಟ್ಟವನ ಕೀರ್ತಿಯೂ ಪಡೆದವನ ಕೀರ್ತಿಯೂ ಒಂದೇ ಕಾವ್ಯದಲ್ಲಿ ನೆಲೆಗೊಂಡವು.

ಬ್ರಿಟಿಷರ ಆಳ್ವಿಕೆಯಲ್ಲಿ ಬಿರುದು ರಾಜನಿಷ್ಠೆಯ ಗುರುತಾಯಿತು. 1915ರಲ್ಲಿ ‘ಸರ್’ ಪದವಿ ಪಡೆದ ರವೀಂದ್ರನಾಥ ಠಾಕೂರರು 1919ರಲ್ಲಿ ಜಲಿಯನ್‌ವಾಲಾಬಾಗ್ ಹತ್ಯಾಕಾಂಡವನ್ನು ಪ್ರತಿಭಟಿಸಿ ಅದನ್ನು ತ್ಯಜಿಸಿದರು. ಸ್ವತಂತ್ರ ಭಾರತದ ಸಂವಿಧಾನವು 18ನೆಯ ವಿಧಿಯಲ್ಲಿ ಸೈನಿಕ ಮತ್ತು ಶೈಕ್ಷಣಿಕ ವಿಶಿಷ್ಟತೆಗಳನ್ನುಳಿದು ಬೇರಾವ ಬಿರುದನ್ನೂ ಪ್ರಭುತ್ವ ಕೊಡಕೂಡದೆಂದು ವಿಧಿಸಿತು. ಹಾಗಾದರೆ ಪದ್ಮಪ್ರಶಸ್ತಿಯೂ ಬಿರುದೇ ಅಲ್ಲವೇ ಎಂಬ ಪ್ರಶ್ನೆ ಎದ್ದಿತು. ಜನತಾ ಸರಕಾರವು 1977ರಲ್ಲಿ ಈ ಪ್ರಶಸ್ತಿಗಳನ್ನು ನಿಲ್ಲಿಸಿತು. 1980ರಲ್ಲಿ ಅವು ಮತ್ತೆ ಆರಂಭವಾದವು. ಕೊನೆಗೆ ಬಾಲಾಜಿ ರಾಘವನ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 1995ರ ಡಿಸೆಂಬರಿನಲ್ಲಿ ತೀರ್ಪಿತ್ತಿತು: ಇವು ಬಿರುದುಗಳಲ್ಲ, ಸಾಧನೆಯ ಮನ್ನಣೆ, ಹೆಸರಿನ ಹಿಂದಾಗಲಿ ಮುಂದಾಗಲಿ ಇವನ್ನು ಬಳಸಕೂಡದು.

ಈ ನಿಷೇಧದಲ್ಲಿ ಒಂದು ಮೌಲ್ಯವಿದೆ. ಹೆಸರಿನೊಡನೆ ಬೆರೆಯದ ಮನ್ನಣೆಯು ಸಾಹಿತಿಯನ್ನು ಕೊಟ್ಟವರ ಋಣಕ್ಕೆ ಕಟ್ಟಿಹಾಕುವುದಿಲ್ಲ. ಪದ್ಮಭೂಷಣ ಪುರಸ್ಕೃತರಾಗಿದ್ದ ಶಿವರಾಮ ಕಾರಂತರು ತುರ್ತುಪರಿಸ್ಥಿತಿಯನ್ನು ವಿರೋಧಿಸಿ ಆ ಪ್ರಶಸ್ತಿಯನ್ನು ಹಿಂದಿರುಗಿಸಿದರು. ಅದರಿಂದ ಅವರ ಸಾಹಿತ್ಯಕ್ಕಾಗಲಿ ಯಕ್ಷಗಾನದ ಕೆಲಸಕ್ಕಾಗಲಿ ಯಾವ ಕುಂದೂ ಬರಲಿಲ್ಲ. ಅವರು ಬಿಟ್ಟುಕೊಟ್ಟದ್ದು ಪ್ರಭುತ್ವದ ಮನ್ನಣೆಯನ್ನು ಮಾತ್ರ.

ಸಂಶೋಧಕರು ಈ ಭೇದವನ್ನು ನೆನಪಿಡುವುದು ಅಗತ್ಯ. ಪ್ರಾಚೀನ ಕವಿಯ ಬಿರುದು ಅವನ ಕಾಲ, ಆಶ್ರಯ ಮತ್ತು ಆಸ್ಥಾನವನ್ನು ನಿರ್ಣಯಿಸಲು ನೆರವಾಗುವ ಆಕರ. ಆಧುನಿಕ ಪುರಸ್ಕಾರವು ಜೀವನಚರಿತ್ರೆಯ ಒಂದು ಸಂಗತಿ ಮಾತ್ರ. ಕೃತಿಯ ತೂಕವನ್ನು ಅದು ನಿರ್ಧರಿಸಲಾರದು. ಆಮಂತ್ರಣಪತ್ರಿಕೆಗಳಲ್ಲಿಯೂ ಗ್ರಂಥಗಳ ಮುಖಪುಟಗಳಲ್ಲಿಯೂ ಲೇಖಕರ ಹೆಸರಿನ ಮುಂದೆ ‘ಪದ್ಮಶ್ರೀ’ ಎಂದು ಅಚ್ಚುಹಾಕುವ ರೂಢಿ ಇನ್ನೂ ಉಳಿದಿದೆ. ಗಣರಾಜ್ಯವು ಕೈಬಿಟ್ಟ ಆಸ್ಥಾನವನ್ನು ನಮ್ಮ ಗೌರವಬುದ್ಧಿ ಇನ್ನೂ ಬಿಟ್ಟಿಲ್ಲವೆಂಬುದಕ್ಕೆ ಅದು ಸಾಕ್ಷಿ.