ಕ್ರೀಡೆನ್ಸ್ ಕ್ಲಿಯರ್‌ವಾಟರ್ ರಿವೈವಲ್: ಉದಯಕಾಲ (1959–1969)

ಅಮೆರಿಕದ ದಕ್ಷಿಣ ಸೀಮೆಯ ಬ್ಲೂಸ್, ಕಂಟ್ರಿ ಗೀತಗಳು ಹಾಗೂ 1950ರ ದಶಕದ ರಾಕ್ ಅಂಡ್ ರೋಲ್ ಇವುಗಳ ಮೂಲಸತ್ತ್ವವನ್ನು ಅರಸಿಹೋದ, ಮುಂದೆ ರೂಟ್ಸ್ ರಾಕ್ ಎಂದು ಹೆಸರಾದ ಶೈಲಿಯ ವಾದ್ಯವೃಂದಗಳಲ್ಲಿ ಅಗ್ರಗಣ್ಯವಾದ ಇದು ಆ ದಕ್ಷಿಣದಲ್ಲಿ ಹುಟ್ಟಿದುದಲ್ಲ. ಕ್ಯಾಲಿಫೋರ್ನಿಯದಲ್ಲಿ, ಸಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಪೂರ್ವಕ್ಕಿರುವ ಎಲ್ ಸೆರಿಟೊ ಎಂಬ ಸಣ್ಣ ಪಟ್ಟಣದಲ್ಲಿ ಹುಟ್ಟಿದುದು. 1959ರಲ್ಲಿ ಅಲ್ಲಿಯ ಪೋರ್ಟೊಲಾ ಶಾಲೆಯ ಸಹಪಾಠಿಗಳಾದ ಜಾನ್ ಫೋಗರ್ಟಿ, ಡಗ್ ಕ್ಲಿಫರ್ಡ್, ಸ್ಟು ಕುಕ್ ಎಂಬ ಮೂವರು ಬಾಲಕರು ಗಿಟಾರ್, ಡ್ರಮ್, ಪಿಯಾನೊಗಳೊಡನೆ 'ಬ್ಲೂ ವೆಲ್ವೆಟ್ಸ್' ಎಂಬ ಮೇಳವನ್ನು ಕಟ್ಟಿದರು. ಜಾನನ ಅಣ್ಣ ಟಾಮ್ ಅನಂತರ ಇವರನ್ನು ಕೂಡಿಕೊಂಡನು.

1964ರಲ್ಲಿ ಫ್ಯಾಂಟಸಿ ರೆಕಾರ್ಡ್ಸ್ ಇವರನ್ನು ಸೇರಿಸಿಕೊಂಡಿತಾದರೂ, ಕಂಪನಿಯೇ ಇಟ್ಟ 'ಗಾಲಿವಾಗ್ಸ್' ಎಂಬ ಹೆಸರು ವಾದಕರಾರಿಗೂ ಒಪ್ಪಿಗೆಯಾಗಲಿಲ್ಲ. ಹೊರಬಂದ ಧ್ವನಿಮುದ್ರಿಕೆಗಳೂ ಸುತ್ತಲಿನ ಪ್ರದೇಶವನ್ನು ದಾಟಿ ಹೆಚ್ಚು ದೂರ ಹೋಗಲಿಲ್ಲ. 1966ರಲ್ಲಿ ಜಾನ್ ಮತ್ತು ಕ್ಲಿಫರ್ಡ್ ಸೈನ್ಯದ ಹಾಗೂ ಕರಾವಳಿ ರಕ್ಷಕದಳದ ಮೀಸಲು ಪಡೆಗಳಿಗೆ ಸೇರಬೇಕಾಯಿತು. ಆದರೂ ಈ ವೃಂದದ ನಿಜವಾದ ನಿರ್ಮಾಣ ನಡೆದುದು ಖ್ಯಾತಿಯಿಲ್ಲದ ಈ ವರ್ಷಗಳಲ್ಲಿಯೇ ಎನ್ನಬೇಕು: ಕುಕ್ ಪಿಯಾನೊ ಬಿಟ್ಟು ಬೇಸ್ ಗಿಟಾರನ್ನು ಕೈಗೆತ್ತಿಕೊಂಡನು, ಅದುವರೆಗೆ ಮುಖ್ಯ ಗಾಯಕನಾಗಿದ್ದ ಟಾಮ್, ತಮ್ಮನ ಕರ್ಕಶವೂ ತೀಕ್ಷ್ಣವೂ ಆದ ಕಂಠಕ್ಕೆ ಆ ಸ್ಥಾನವನ್ನು ಬಿಟ್ಟುಕೊಟ್ಟು ತಾನು ಲಯದ ಗಿಟಾರಿಗೆ ನಿಂತನು. ಹಿರಿಯನ ಈ ಔದಾರ್ಯವಿಲ್ಲದಿದ್ದರೆ ಮುಂದಿನ ಕೀರ್ತಿ ಅಸಂಭವವಾಗಿದ್ದಿತು.

1967ರಲ್ಲಿ ಕಂಪನಿಯನ್ನು ಕೊಂಡ ಸಾಲ್ ಜೆಂಟ್ಸ್ ಪೂರ್ಣ ಪ್ರಮಾಣದ ಆಲ್ಬಮ್ಮಿಗೆ ಅವಕಾಶವಿತ್ತನು. ಕ್ರೀಡೆನ್ಸ್ ಕ್ಲಿಯರ್‌ವಾಟರ್ ರಿವೈವಲ್ ಎಂಬ ಹೆಸರೂ ಆಗಲೇ ಬಂದಿತು. 1968ರ ಆ ಪ್ರಥಮ ಆಲ್ಬಮ್ಮಿನಲ್ಲಿ, ಡೇಲ್ ಹಾಕಿನ್ಸನು 1957ರಲ್ಲಿ ಹಾಡಿದ್ದ 'ಸೂಸಿ ಕ್ಯೂ' ಎಂಟೂವರೆ ನಿಮಿಷಕ್ಕೂ ಮಿಗಿಲಾಗಿ ವಿಸ್ತರಿಸಿತು. ಸಾನ್ ಫ್ರಾನ್ಸಿಸ್ಕೊದ ಕೆಎಂಪಿಎಕ್ಸ್ ಎಂಬ ಎಫ್‌ಎಂ ಕೇಂದ್ರ ಅದನ್ನು ಪ್ರಸಾರಮಾಡಿ ಜನರ ಕಿವಿಗೆ ಮುಟ್ಟಿಸಿತು. ಎರಡು ಭಾಗಗಳಾಗಿ ಹೊರಬಂದ ಅದರ ಸಿಂಗಲ್ ಬಿಲ್‌ಬೋರ್ಡ್ ಪಟ್ಟಿಯಲ್ಲಿ 11ನೆಯ ಸ್ಥಾನಕ್ಕೇರಿತು.

ಅದೇ ವರ್ಷ ಸೈನ್ಯದಿಂದ ಸಂಪೂರ್ಣ ಬಿಡುಗಡೆಯ ಪತ್ರ ಕೈಸೇರಿದ ಉಲ್ಲಾಸದಲ್ಲಿ ಜಾನ್ 'ಪ್ರೌಡ್ ಮೇರಿ'ಯನ್ನು ರಚಿಸಿದನು. ದಕ್ಷಿಣದಲ್ಲಿ ಎಂದೂ ವಾಸಿಸಿರದ ಈ ಯುವಕ ಮಿಸಿಸಿಪಿಯ ಉಗಿಹಡಗನ್ನೂ ಲೂಯಿಸಿಯಾನದ ಜೌಗುನೆಲವನ್ನೂ ಕಂಡುದು ಕೇಳಿದ ಹಾಡುಗಳಲ್ಲಿ, ನೋಡಿದ ಚಲನಚಿತ್ರಗಳಲ್ಲಿ. ಹಾಗಿದ್ದೂ 'ಬಾರ್ನ್ ಆನ್ ದಿ ಬಾಯೂ' ಹಾಡಿನ ಆದಿಯಲ್ಲಿ, ಟ್ರೆಮೊಲೊದಿಂದ ಅಲೆಯಲೆಯಾಗಿ ಕಂಪಿಸುತ್ತ ಒಂದೇ ಸ್ವರಮೇಳದ ಮೇಲೆ ನಿಂತುಬಿಡುವ ಗಿಟಾರ್ ಆ ಬಿಸಿಯ, ತೇವದ ನೆಲವನ್ನೇ ಕಣ್ಣಮುಂದೆ ತಂದಿಡುತ್ತದೆ. ಪರಂಪರೆ ಜನ್ಮದಿಂದ ಮಾತ್ರವಲ್ಲದೆ ಶ್ರದ್ಧೆಯ ಶ್ರವಣದಿಂದಲೂ ಒಬ್ಬನದಾಗಬಲ್ಲುದೆಂಬುದಕ್ಕೆ ಇದಕ್ಕಿಂತ ಬಲವಾದ ಸಾಕ್ಷ್ಯ ರಾಕ್ ಸಂಗೀತದಲ್ಲಿ ವಿರಳ. ನೆರೆಯ ಸಾನ್ ಫ್ರಾನ್ಸಿಸ್ಕೊದ ವೃಂದಗಳು ದೀರ್ಘ ಮನೋಧರ್ಮದ ವಾದನದಲ್ಲಿ ತೊಡಗಿದ್ದಾಗ ಇವರು ಮಿತವಾದ, ಬಿಗಿಯಾದ ಹಾಡುಗಳತ್ತಲೇ ಹೆಚ್ಚಾಗಿ ಒಲಿದರು.

ಈ ಎರಡು ಹಾಡುಗಳನ್ನೊಳಗೊಂಡ 'ಬಾಯೂ ಕಂಟ್ರಿ' 1969ರ ಜನವರಿಯಲ್ಲಿ ಪ್ರಕಟವಾಯಿತು. 'ಪ್ರೌಡ್ ಮೇರಿ' ಎರಡನೆಯ ಸ್ಥಾನವನ್ನು ಪಡೆಯಿತು. ಆಗಸ್ಟಿನ ವುಡ್‌ಸ್ಟಾಕ್ ಉತ್ಸವದಲ್ಲಿ ನುಡಿಸಿದ ಈ ನಾಲ್ವರು, ಆ ವರ್ಷ ಮುಗಿಯುವುದರೊಳಗೆ 'ಗ್ರೀನ್ ರಿವರ್', 'ವಿಲ್ಲಿ ಅಂಡ್ ದಿ ಪೂರ್ ಬಾಯ್ಸ್' ಎಂಬ ಇನ್ನೆರಡು ಆಲ್ಬಮ್ಮುಗಳನ್ನು ಹೊರತಂದರು.