ನೋವಿಲ್ಲದೆ ಹಲ್ಲು ಸಡಿಲಿಸುವ ವಸಡಿನ ರೋಗ

ಹಲ್ಲುಜ್ಜುವಾಗ ವಸಡಿನಿಂದ ರಕ್ತ ಬಂದರೆ ಬ್ರಷ್ ಗಟ್ಟಿಯಾಯಿತೆಂದು ಭಾವಿಸಿ ಸುಮ್ಮನಾಗುವವರೇ ಹೆಚ್ಚು. ಆದರೆ ಆರೋಗ್ಯವಂತ ವಸಡಿನಿಂದ ಪದೇ ಪದೇ ರಕ್ತ ಬರುವುದಿಲ್ಲ. ಪೆರಿಯೊಡಾಂಟೈಟಿಸ್ ಎಂಬ ತೀವ್ರ ವಸಡಿನ ರೋಗವು ಬಹುಪಾಲು ನೋವಿಲ್ಲದೆ ಬೆಳೆಯುತ್ತದೆ. ನೋವಿಲ್ಲವೆಂದು ಕಾಯುವವರಿಗೆ ರೋಗದ ಅರಿವಾಗುವ ವೇಳೆಗೆ ಹಲ್ಲು ಅಲುಗಾಡಲು ಆರಂಭಿಸಿರುತ್ತದೆ.

ರೋಗ ಬರುವ ಬಗೆ

ಹಲ್ಲಿನ ಬುಡದಲ್ಲಿ ಸೇರುವ ಬ್ಯಾಕ್ಟೀರಿಯಾಗಳ ಅಂಟುಪದರವೇ ಪ್ಲೇಕ್. ಇದನ್ನು ತೆಗೆಯದಿದ್ದರೆ ಗಟ್ಟಿಯಾಗಿ ಕಿಟ್ಟವಾಗುತ್ತದೆ. ಮೊದಲ ಹಂತದಲ್ಲಿ ವಸಡು ಮಾತ್ರ ಕೆಂಪಾಗಿ ಊದಿಕೊಳ್ಳುತ್ತದೆ. ಶುಚಿತ್ವದಿಂದ ಇದು ಸಂಪೂರ್ಣ ಗುಣವಾಗುತ್ತದೆ. ಉರಿಯೂತ ಆಳಕ್ಕಿಳಿದರೆ ಹಲ್ಲನ್ನು ಹಿಡಿದಿರುವ ಮೂಳೆಯೇ ಕರಗುತ್ತದೆ.

ಲಕ್ಷಣಗಳು

ರಕ್ತಸ್ರಾವ, ಬಾಯಿಯ ದುರ್ವಾಸನೆ, ವಸಡು ಕೆಳಗೆ ಸರಿದು ಹಲ್ಲು ಉದ್ದವಾಗಿ ಕಾಣುವುದು, ಹಲ್ಲುಗಳ ನಡುವೆ ಹೊಸದಾಗಿ ಸಂದು ಬೀಳುವುದು, ಕೀವು ಹಾಗೂ ಅಗಿಯುವಾಗ ಹಲ್ಲು ಅಲುಗುವುದು ಪ್ರಮುಖ ಲಕ್ಷಣಗಳು. ಧೂಮಪಾನಿಗಳಲ್ಲಿ ರಕ್ತಸ್ರಾವ ಕಡಿಮೆ ಇರುವುದರಿಂದ ರೋಗ ಮರೆಯಾಗಿರುತ್ತದೆ.

ದಂತವೈದ್ಯರು ಸಣ್ಣ ಅಳತೆಕಡ್ಡಿಯಿಂದ ಹಲ್ಲು ಮತ್ತು ವಸಡಿನ ನಡುವಿನ ಸಂದಿನ ಆಳ ಅಳೆಯುತ್ತಾರೆ. ಸಾಮಾನ್ಯವಾಗಿ ಇದು 1ರಿಂದ 3 ಮಿ.ಮೀ. ಇರುತ್ತದೆ. 6 ಮಿ.ಮೀ. ಅಥವಾ ಅದಕ್ಕಿಂತ ಹೆಚ್ಚಿನ ಆಳ ತೀವ್ರ ರೋಗದ ಸೂಚನೆ. ಮೂಳೆಯ ನಷ್ಟ ಎಕ್ಸ್-ರೇಯಲ್ಲಿ ತಿಳಿಯುತ್ತದೆ.

ಚಿಕಿತ್ಸೆ

ವಸಡಿನ ಮೇಲಿನ ಹಾಗೂ ಕೆಳಗಿನ ಕಿಟ್ಟವನ್ನು ತೆಗೆದು ಬೇರಿನ ಭಾಗವನ್ನು ಶುಚಿಗೊಳಿಸುವುದು ಮೊದಲ ಚಿಕಿತ್ಸೆ. ಕೆಲವು ವಾರಗಳ ನಂತರ ಮತ್ತೆ ಅಳತೆ ಮಾಡಲಾಗುತ್ತದೆ. ಆಳವಾದ ಸಂದುಗಳು ಉಳಿದಿದ್ದರೆ ವಸಡನ್ನು ಬಿಡಿಸಿ ಶುಚಿಗೊಳಿಸುವ ಫ್ಲ್ಯಾಪ್ ಶಸ್ತ್ರಚಿಕಿತ್ಸೆ ಬೇಕಾಗಬಹುದು. ಕೇವಲ ಆಂಟಿಬಯಾಟಿಕ್ ಮಾತ್ರೆ ನುಂಗುವುದರಿಂದ ಕಿಟ್ಟ ಹೋಗುವುದಿಲ್ಲ.

ಶುಚಿಗೊಳಿಸಿದರೆ ಹಲ್ಲು ಸಡಿಲವಾಗುತ್ತದೆ ಎಂಬ ನಂಬಿಕೆ ತಪ್ಪು. ರೋಗದಿಂದ ಆಗಲೇ ಸಡಿಲವಾಗಿದ್ದ ಹಲ್ಲಿನ ಸ್ಥಿತಿ ಕಿಟ್ಟ ತೆಗೆದ ಮೇಲೆ ಅರಿವಿಗೆ ಬರುತ್ತದೆ, ಅಷ್ಟೆ. ಕರಗಿದ ಮೂಳೆ ಬಹುಮಟ್ಟಿಗೆ ಮರಳಿ ಬೆಳೆಯದಿದ್ದರೂ, ರೋಗವನ್ನು ಅಲ್ಲಿಗೇ ತಡೆದು ಹಲ್ಲನ್ನು ಹಲವು ವರ್ಷ ಉಳಿಸಿಕೊಳ್ಳಲು ಸಾಧ್ಯ.

ಮುನ್ನೆಚ್ಚರಿಕೆ

ಮೃದು ಬ್ರಷ್‌ನಿಂದ ದಿನಕ್ಕೆ 2 ಬಾರಿ, ತಲಾ 2 ನಿಮಿಷ ಹಲ್ಲುಜ್ಜಬೇಕು. ಸಂದುಗಳನ್ನು ಪುಟ್ಟ ಸಂದಿನ ಬ್ರಷ್ ಅಥವಾ ದಂತದಾರದಿಂದ ಶುಚಿಗೊಳಿಸಬೇಕು. ಬೀಡಿ, ಸಿಗರೇಟು, ಗುಟ್ಕಾ ಹಾಗೂ ಹೊಗೆಸೊಪ್ಪನ್ನು ತ್ಯಜಿಸಬೇಕು. ಮಧುಮೇಹವು ವಸಡಿನ ರೋಗವನ್ನು ಉಲ್ಬಣಗೊಳಿಸಿದರೆ, ವಸಡಿನ ರೋಗವು ರಕ್ತದ ಸಕ್ಕರೆಯ ನಿಯಂತ್ರಣವನ್ನು ಕಷ್ಟಗೊಳಿಸುತ್ತದೆ. ಆದ್ದರಿಂದ ಮಧುಮೇಹಿಗಳು ನಿಯಮಿತವಾಗಿ ದಂತ ತಪಾಸಣೆ ಮಾಡಿಸಿಕೊಳ್ಳಬೇಕು.

ತೀವ್ರ ರೋಗಕ್ಕೆ ಚಿಕಿತ್ಸೆ ಪಡೆದವರಿಗೆ ಸಾಮಾನ್ಯವಾಗಿ 3 ತಿಂಗಳಿಗೊಮ್ಮೆ ತಪಾಸಣೆ ಅಗತ್ಯ. ಮುಖ ಊದಿ ಜ್ವರ ಬಂದರೆ, ನುಂಗಲು ಅಥವಾ ಉಸಿರಾಡಲು ಕಷ್ಟವಾದರೆ ತಡಮಾಡದೆ ಆಸ್ಪತ್ರೆಗೆ ಧಾವಿಸಬೇಕು.