ಬಹದ್ದೂರ್ ಬಂದ ದಾರಿ

ಬೆಂಗಳೂರಿನ ದಂಡು ಪ್ರದೇಶದಲ್ಲಿ ‘ಆರ್‌ಬಿಎಎನ್‌ಎಂ’ ಎಂದರೆ ಆಟೊದವರಿಗೂ ಗೊತ್ತು. ಹಳೆಯ ಶಾಲೆ, ಕಾಲೇಜು. ಕೊನೆಯ ಮೂರು ಅಕ್ಷರ ಆರ್ಕಾಟ್ ನಾರಾಯಣಸ್ವಾಮಿ ಮೊದಲಿಯಾರ್. ಮೊದಲಿನ ಆರ್‌ಬಿ ಅವರ ಊರೂ ಅಲ್ಲ, ತಂದೆಯ ಹೆಸರೂ ಅಲ್ಲ, ರಾಯ್ ಬಹದ್ದೂರ್.

1877ರ ಜನವರಿ 1ರಂದು ವೈಸರಾಯ್ ಲಿಟ್ಟನ್ ದೆಹಲಿಯಲ್ಲಿ ದರ್ಬಾರು ಕೂಡಿಸಿ, ವಿಕ್ಟೋರಿಯಾ ರಾಣಿ ಇನ್ನು ಮುಂದೆ ಹಿಂದೂಸ್ಥಾನದ ಚಕ್ರವರ್ತಿನಿ ಎಂದು ಸಾರಿದ. ರಾಣಿ ಬರಲಿಲ್ಲ, ಬಿರುದುಗಳು ಬಂದವು. ಬಡಮಕ್ಕಳಿಗೆ ಉಚಿತ ಶಾಲೆ ತೆರೆದಿದ್ದ ವರ್ತಕ ಮೊದಲಿಯಾರರಿಗೆ ಸಿಕ್ಕಿದ್ದು ಆ ಸಂದರ್ಭದ ಬಿರುದು.

ಶಾಲೆ ಕಟ್ಟಿದವರಿಗೆ ‘ವೀರ’ ಎಂಬ ಬಿರುದೇಕೆ? ಬಹದ್ದೂರ್ ಎಂದರೆ ಅಷ್ಟೇ ತಾನೆ. ಮಂಗೋಲ್ ಕುದುರೆ ಸವಾರರ ನುಡಿಯಿಂದ ಪಾರಸಿಗೆ ಇಳಿದು, ದಖನ್ನಿಗೂ ಬಂದ ಪದ ಇದು. ಹೈದರ್ ಅಲಿ ಖಾನ್ ಬಹದ್ದೂರ್ ಎಂದಾಗ ಅದಕ್ಕಿನ್ನೂ ಕತ್ತಿಯ ಹೊಳಪಿತ್ತು. ಬ್ರಿಟಿಷರು ಅದನ್ನು ಕಚೇರಿಗೆ ತಂದು ಮೆಟ್ಟಿಲು ಕಟ್ಟಿದರು: ಕೆಳಗೆ ರಾವ್ ಸಾಹೇಬ್, ಅದರ ಮೇಲೆ ರಾವ್ (ಅಥವಾ ರಾಯ್) ಬಹದ್ದೂರ್, ಇನ್ನೂ ಮೇಲೆ ದಿವಾನ್ ಬಹದ್ದೂರ್. ಮುಸ್ಲಿಮರಿಗೆ, ಪಾರ್ಸಿಗಳಿಗೆ ಖಾನ್ ಬಹದ್ದೂರ್. ವೀರತ್ವಕ್ಕೂ ಜಾತಿವಾರು ಪಟ್ಟಿ! ಪಡೆದವರು ಹೆಚ್ಚಾಗಿ ಅಧಿಕಾರಿಗಳು, ವಕೀಲರು, ದಾನಿಗಳು. ಮೆಜೆಸ್ಟಿಕ್ಕಿನಲ್ಲಿ ರೈಲಿಳಿದವರಿಗೆ ಛತ್ರ ಕಟ್ಟಿಸಿದ ಗುಬ್ಬಿ ತೋಟದಪ್ಪನವರೂ ರಾವ್ ಬಹದ್ದೂರ್. ಮೈಸೂರು ಅರಸ ನಾಲ್ವಡಿ ಕೃಷ್ಣರಾಜ ಒಡೆಯರು ಅವರಿಗೆ ಕೊಟ್ಟದ್ದು ‘ಧರ್ಮಪ್ರವರ್ತ’. ಆಳಿಗೆ ತಕ್ಕ ಬಿರುದು ಎಂದರೆ ಇದೇ. ಚಕ್ರವರ್ತಿಗಿಂತ ನಾಲ್ವಡಿಯವರಿಗೇ ಮಾತಿನ ಹದ ಚೆನ್ನಾಗಿ ಗೊತ್ತಿತ್ತು.

1911ರಲ್ಲಿ ಐದನೇ ಜಾರ್ಜ್ ತಾನೇ ದೆಹಲಿಗೆ ಬಂದು ದರ್ಬಾರು ನಡೆಸಿದ. ಆ ವರ್ಷದಿಂದ ಈ ಬಿರುದುಗಳಿಗೆ ಒಂದು ಬಿಲ್ಲೆಯೂ ಸೇರಿತು.

ಬಿಲ್ಲೆ ಎದೆಯ ಮೇಲಿರುವಾಗಲೇ ಜನರ ನಾಲಗೆ ಬಿರುದನ್ನು ಬಿಡಿಸಿಕೊಂಡಿತ್ತು. ಮೂರು ವಿಷಯದಲ್ಲಿ ನಪಾಸಾದ ಮಗನಿಗೆ ಅಪ್ಪ, “ಬಾರಪ್ಪಾ ಬಹದ್ದೂರ!” ಎನ್ನುವಾಗ ಇರುವ ಖಾರ ಯಾವ ಗೆಜೆಟ್ಟಿನಲ್ಲೂ ಇಲ್ಲ. ‘ಗ್ರಾಮಾಯಣ’ ಬರೆದ ಆರ್.ಬಿ. ಕುಲಕರ್ಣಿಯವರು ‘ರಾವಬಹದ್ದೂರ’ ಎಂಬುದನ್ನು ಕಾವ್ಯನಾಮ ಮಾಡಿಕೊಂಡರು. ಯಾರೂ ಕೊಡದೆ ತಾವೇ ತೆಗೆದುಕೊಂಡ ಬಿರುದು. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು. 1976ರಲ್ಲಿ ರಾಜ್‌ಕುಮಾರ್ ‘ಬಹದ್ದೂರ್ ಗಂಡು’ ಆದಾಗ ಪದಕ್ಕೆ ಹಳೆಯ ಮೀಸೆ ಮರಳಿ ಬಂತು.

ಅಷ್ಟರಲ್ಲಿ ದರ್ಬಾರಿನ ಬಹದ್ದೂರ್ ತೀರಿಕೊಂಡಿತ್ತು. ಸೈನ್ಯದ ಮತ್ತು ವಿದ್ಯೆಯ ಮನ್ನಣೆಗಳ ಹೊರತು ಸರ್ಕಾರ ಬೇರೆ ಬಿರುದು ಕೊಡಬಾರದೆಂದು ಸಂವಿಧಾನದ 18ನೇ ವಿಧಿ ಹೇಳಿಬಿಟ್ಟಿದೆ.

ಈಗ ಆ ಬಿರುದನ್ನು ಹಂಚುವವರು ಅಪಾರ್ಟ್‌ಮೆಂಟಿನ ನಾವು. ನೇಪಾಳದ ಕಡೆಯಿಂದ ಬಂದು ಗೇಟಿನಲ್ಲಿ ಸೀಟಿ ಹಿಡಿದು ರಾತ್ರಿ ಕಾಯುವವನೆಲ್ಲ ನಮಗೆ ‘ಬಹದ್ದೂರ್’. ಅರ್ಥದ ಮಟ್ಟಿಗೆ ನೋಡಿದರೆ ದರ್ಬಾರಿನವರಿಗಿಂತ ಇವನಿಗೇ ಅದು ಹೆಚ್ಚು ಒಪ್ಪುತ್ತದೆ. ಆದರೆ ನಾವು ಕರೆಯುವುದು ಅರ್ಥ ನೋಡಿ ಅಲ್ಲ, ಹೆಸರು ಕೇಳುವ ಸೋಮಾರಿತನಕ್ಕೆ. ಇವತ್ತು ಮನೆಗೆ ಹೋಗುವಾಗ ಗಾಡಿ ನಿಲ್ಲಿಸಿ ಅವನ ಹೆಸರು ಕೇಳಿ.